ನರಗುಂದದ ಈರಪ್ಪನಿಗೆ ಹೊತ್ತ ಹರಕೆ

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಗಾಳಿ ನನ್ನ ಟೊಪ್ಪಿಗೆಯನ್ನು ಹಾರಿಸಿಕೊಂಡು ಹೋಯಿತು. ಹಳೆಯ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಹೋದ ತಿಂಗಳು ಹೋಗಿದ್ದೆ. ಐವತ್ತು ದಾಟಿದ ಗಂಡಸು ಟೊಪ್ಪಿಗೆಯ ಹಿಂದೆ ಓಡುವುದು ನೋಡುವವರಿಗೆ ಪುಕ್ಕಟೆ ತಮಾಷೆ. ಅದು ಉರುಳಿ ಉರುಳಿ ನೇಕಾರರ ಓಣಿಯ ಬಾಯಲ್ಲಿ ಹೋಗಿ ನಿಂತಿತು. ಬಗ್ಗಿ ಎತ್ತಿಕೊಳ್ಳುವಾಗ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ನೂಲಿಗೆ ಹಚ್ಚುವ ಗಂಜಿ. ಸ್ವಲ್ಪ ಹುಳಿ, ಸ್ವಲ್ಪ ಹಸಿ ಬಟ್ಟೆ. ಕೆಲವು ವರ್ಷಗಳ ಹಿಂದೆ, ಒಂದು ಆಷಾಢದಿಂದ ದೀಪಾವಳಿಯವರೆಗೆ ನಾನು ಅದೇ ವಾಸನೆಯಲ್ಲಿ ಮಲಗಿ ಅದೇ ವಾಸನೆಯಲ್ಲಿ ಎದ್ದವನು. ಕಾಲು ತಾನಾಗಿ ಓಣಿಯೊಳಗೆ ನಡೆಯಿತು. ಆಗ ನಾನು ಬಾಡಿಗೆಗಿದ್ದ ಕಾಶವ್ವನ ಮನೆಯಲ್ಲಿ ಬೇರೆ ಯಾರೋ ಇದ್ದರು. ಗಂಡ ಹೆಂಡತಿ ಮಗ್ಗ ಬಿಚ್ಚಿಕೊಂಡು ಮಗಳ ಊರು ಇಳಕಲ್ಲಿಗೆ ಹೋದರೆಂದು ಹೇಳಿದರು. ಆ ದಿನ ಮದುವೆಯ ಊಟ ನನಗೆ ರುಚಿಸಲಿಲ್ಲ.

ನಾನು ಗಾಳಿಯಂತ್ರದ ಕಂಪನಿಯೊಂದರಲ್ಲಿ ಕೆಲಸ ಮಾಡುವವನು. ಗುಡ್ಡದ ಮೇಲೆ ಸಾಲಾಗಿ ನಿಂತ ಆ ಯಂತ್ರಗಳಿಗೆ ಊರವರು ಫ್ಯಾನು ಅನ್ನುತ್ತಾರೆ. ಹೀಗಾಗಿ ನಾನು ಫ್ಯಾನಿನ ಸಾಹೇಬ. ಆ ವರ್ಷ ಅಲ್ಲಿದ್ದ ಎಂಜಿನಿಯರಿಗೆ ವರ್ಗವಾಗಿ, ಗಾಳಿಯ ಹಂಗಾಮು ಮುಗಿಯುವ ತನಕ ನೀವೇ ನೋಡಿಕೊಳ್ಳಿ ಎಂದು ನನ್ನನ್ನು ಹುಬ್ಬಳ್ಳಿಯಿಂದ ಕಳಿಸಿದರು. ಹೆಂಡತಿ ಮಕ್ಕಳಿಲ್ಲದವನನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು ಎಂಬುದು ಎಲ್ಲ ಆಫೀಸುಗಳಿಗೂ ಗೊತ್ತಿರುವ ವಿದ್ಯೆ. ಮದುವೆಯ ಮಾತು ನನ್ನ ಬಾಗಿಲಿಗೆ ಒಂದೆರಡು ಸಲ ಬಂದು, ಒಳಗೆ ಇಣುಕಿ ನೋಡಿ, ಹಾಗೇ ತಿರುಗಿ ಹೋಗಿತ್ತು.

ಆ ಆಷಾಢದಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ಮೋಡ ಬಂದ ಹಾಗೆ ಕಂಡು ಹನಿ ಉದುರಿಸದೆ ಮೂಡಣಕ್ಕೆ ಓಡಿಬಿಡುತ್ತಿತ್ತು. ರೋಣದ ಕಡೆಯ ಎರಿ ಹೊಲದಲ್ಲಿ ಹೆಸರು ಮೊಳಕಾಲೆತ್ತರ ಬಂದು ಗಾಳಿಗೆ ಮಲಗಿ ಏಳುತ್ತಿತ್ತು. ನಮಗೆ ಅದು ಸುಗ್ಗಿ: ಗಾಳಿ ಇದ್ದಷ್ಟು ದಿನ ಫ್ಯಾನು ತಿರುಗಬೇಕು, ನಿಂತರೆ ಹುಬ್ಬಳ್ಳಿಯಿಂದ ಫೋನು. ಬೆಳಗಿನಿಂದ ಸಂಜೆಯ ತನಕ ಗುಡ್ಡದ ಮೇಲೆ ತಗಡಿನ ಕೋಣೆಯಲ್ಲಿ ಕುಳಿತು ಪರದೆ ನೋಡುವುದು, ಕೆಟ್ಟ ಫ್ಯಾನಿನ ಹತ್ತಿರ ಜೀಪಿನಲ್ಲಿ ಹೋಗುವುದು. ರೆಕ್ಕೆಯ ಸದ್ದಿನಲ್ಲಿ ಜೊತೆಯವರ ಮಾತು ಕೇಳದು, ಕೈಸನ್ನೆಯಲ್ಲೇ ಎಲ್ಲ. ಸಂಜೆ ರೂಮಿಗೆ ಬಂದು ಚಹಾಕ್ಕೆ ಬಾಯಿ ತೆರೆದಾಗ ಧ್ವನಿ ಗೊರಗೊರ ಅನ್ನುತ್ತಿತ್ತು. ಇಡೀ ದಿನ ನಾನು ಯಾರೊಂದಿಗೂ ಮಾತನಾಡಿಲ್ಲ ಎಂಬುದು ಆಗಲೇ ಗೊತ್ತಾಗುವುದು.

ರೂಮು ಕಾಶವ್ವನ ಮನೆಯ ಹಿಂಭಾಗದಲ್ಲಿತ್ತು. ಮುಂದಿನ ಪಡಸಾಲೆಯಲ್ಲಿ ಎರಡು ಕುಣಿಮಗ್ಗ, ಅಂದರೆ ನೆಲದಲ್ಲಿ ತಗ್ಗು ತೋಡಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಒಂದರಲ್ಲಿ ಕಾಶವ್ವ, ಇನ್ನೊಂದರಲ್ಲಿ ಅವಳ ಗಂಡ ಪರಸಪ್ಪ. ಅವನು ಮಾತು ಕಡಿಮೆಯ ಮನುಷ್ಯ, ಅವನ ಪಾಲಿನದನ್ನೂ ಅವಳೇ ಆಡುತ್ತಿದ್ದಳು. ನನ್ನ ರೂಮಿಗೂ ಮಗ್ಗಕ್ಕೂ ನಡುವಿನ ಗೋಡೆ ಮಾಡಿನ ತನಕ ಏರಿರಲಿಲ್ಲ. ಅವರ ಮಗ್ಗದ ಖಟಖಟ ನನಗೆ, ನನ್ನ ಕೆಮ್ಮು ಅವರಿಗೆ.

ಭಾನುವಾರ ಮಧ್ಯಾಹ್ನ ಮಾತ್ರ ನಾನು ಬಾಯಿ ತುಂಬ ಮಾತಾಡುತ್ತಿದ್ದೆ. ಅದು ಮಾಧವನಿಗೆ ಫೋನು ಮಾಡುವ ಹೊತ್ತು.

ಮಾಧವ ನರಗುಂದದವನು. ಧಾರವಾಡದ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ಒಂದು ಮಳೆಗಾಲ, ಹೊರಗೆ ಹೋಗಲಾಗದೆ, ರದ್ದಿಯಲ್ಲಿ ಸಿಕ್ಕ ಇಂಗ್ಲಿಷ್ ಪತ್ರಿಕೆಯ ಹಾಳೆಯೊಂದರಲ್ಲಿ ನೂರು ವರ್ಷದ ಹಿಂದಿನ ಬಾಕ್ಸರನೊಬ್ಬನ ಚಿತ್ರ ನೋಡಿದೆವು. ಪಕ್ಕೆಲುಬು ಎಣಿಸಬಹುದಾದಂಥ ಸಣಕಲು ಮೈ, ಮೀಸೆ, ಮುಷ್ಟಿ ಮುಂದೆ. ನಾವಿಬ್ಬರೂ ಅವನಷ್ಟೇ ಸಣಕಲು. ಅವತ್ತೇ ನಾವೊಂದು ಲೋಕ ಕಟ್ಟಲು ಶುರು ಮಾಡಿದೆವು. ಕೈಗೆ ಗವುಸು ಆಗಷ್ಟೇ ಬಂದಿದ್ದ ಕಾಲ, ಸುತ್ತುಗಳಿಗೆ ಕೊನೆಯೇ ಇಲ್ಲದ ಕಾಳಗ, ಹಡಗಿನಿಂದ ಇಳಿದವರು, ಗಣಿಯಿಂದ ಎದ್ದು ಬಂದವರು. ತೂಕದಲ್ಲಿ ಲೈಟ್‌ವೇಟ್ ಒಂದೇ. ದಪ್ಪ ಮೈಯವರನ್ನು ನಾವು ಒಳಗೆ ಬಿಟ್ಟುಕೊಳ್ಳಲಿಲ್ಲ. ಎಲ್ಲರೂ ನಮ್ಮ ಕಲ್ಪನೆಯವರು, ಅರ್ಧ ಜನ ಅವನ ಪಾಲಿಗೆ, ಅರ್ಧ ಜನ ನನ್ನ ಪಾಲಿಗೆ. ಯಾರು ಗೆದ್ದರು ಎಂಬುದನ್ನು ಅವನ ಅಜ್ಜಿಯ ಕವಡೆ ಹೇಳುತ್ತಿತ್ತು.

ಆಮೇಲೆ ಮಾಧವ ನರಗುಂದದಲ್ಲಿ ಕಂಪ್ಯೂಟರ್ ಕ್ಲಾಸು ತೆರೆದ. ಕವಡೆಯನ್ನು ಅಜ್ಜಿಗೆ ಮರಳಿಸಿ, ಅದೇ ಲೋಕಕ್ಕೆ ಪ್ರೋಗ್ರಾಮು ಬರೆದ. ಕೀಲಿ ಒತ್ತಿದರೆ ಒಂದು ಸುತ್ತು. ಯಾರು ಎಲ್ಲಿ ಹೊಡೆದ, ಯಾರು ಹಗ್ಗಕ್ಕೆ ಆತುಕೊಂಡ, ಯಾರ ಉಸಿರು ಎಷ್ಟು ಉಳಿದಿದೆ, ಎಲ್ಲ ಸಾಲುಸಾಲಾಗಿ ಪರದೆಯ ಮೇಲೆ. ಬಾಕ್ಸರುಗಳಿಗೆ ವಯಸ್ಸಾಗುತ್ತಿತ್ತು. ಆ ಕಾಲದಲ್ಲಿ ಹೊಡೆತ ತಿಂದು ರಿಂಗಿನಲ್ಲೇ ಸತ್ತವರೂ ಇದ್ದರಲ್ಲ, ಅದನ್ನೂ ಹಾಕಿದ್ದ. ಅಪರೂಪಕ್ಕೆ, ಆದರೆ ಹಾಕಿದ್ದ. "ಅದು ಇಲ್ಲಂದ್ರ ಇದೆಲ್ಲ ಸುಳ್ಳ ಆಗ್ತದಲೇ ಗೋವ್ಯಾ" ಅನ್ನುತ್ತಿದ್ದ. ಇದೆಲ್ಲ ಸುಳ್ಳೇ ಎಂದು ನಾನು ಅವನಿಗೆ ನೆನಪು ಮಾಡಲಿಲ್ಲ.

ನಮ್ಮ ಕಟ್ಟಳೆ ಎರಡೇ. ಬಂದ ಫಲಿತಾಂಶ ಬದಲಾಯಿಸುವಂತಿಲ್ಲ. ಸಾಮಾನ್ಯ ಕಾಳಗಗಳನ್ನು ಫೋನಿನಲ್ಲಿ ಓದಿ ಹೇಳಬಹುದು, ಆದರೆ ಚಾಂಪಿಯನ್‌ಶಿಪ್ಪಿನ ಕಾಳಗ ಮಾತ್ರ ಇಬ್ಬರೂ ಒಂದೇ ಕಡೆ ಕುಳಿತು ನೋಡಬೇಕು.

ಆ ವರ್ಷ ಚಾಂಪಿಯನ್ ಆಗಿದ್ದವನು ಈರಪ್ಪ. ಮಾಧವನ ಮಾನಸಪುತ್ರ. ಅವನ ಕಥೆಯಲ್ಲಿ ಈರಪ್ಪ ನರಗುಂದದ ಗುಡ್ಡದ ಕೆಳಗೆ ಹುಟ್ಟಿದ ಕೂಲಿಯವನು. ಮುಂಬೈಗೆ ಹೋಗಿ, ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ ಹಿಡಿದು, ಯಾವುದೋ ಪರದೇಶದ ಬಂದರದಲ್ಲಿ ಇಳಿದು, ರೊಟ್ಟಿಗಾಗಿ ಗುದ್ದಾಡಲು ನಿಂತವನು. ಬೆಲ್ಟು ಸಿಗುವಷ್ಟರಲ್ಲಿ ಅವನ ಕಾಲು ನಿಧಾನವಾಗಿತ್ತು, ಎಡ ಹುಬ್ಬು ಮುಟ್ಟಿದರೆ ಒಡೆಯುತ್ತಿತ್ತು. ಆದರೂ ಸೋಲುತ್ತಿರಲಿಲ್ಲ.

ಆ ವರ್ಷ ಮಾಧವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಹೆಂಡತಿ ಸುಧಾ ಅವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದಳು. ಕ್ಲಾಸು ಮುಚ್ಚಿತ್ತು. ಅವನ ಲೋಕವೆಲ್ಲ ನನ್ನ ಲ್ಯಾಪ್‌ಟಾಪಿಗೆ ಬಂದಿತ್ತು. ಈರಪ್ಪನ ಹತ್ತಿರ ಬೆಲ್ಟು ಇರುವ ತನಕ ಮಾಧವನಿಗೆ ಏನೂ ಆಗುವುದಿಲ್ಲ ಎಂದು ನಾನು ನಂಬಿಕೊಂಡಿದ್ದೆ. ಎಂಜಿನಿಯರಿಂಗ್ ಓದಿದವನು ಹೀಗೆ ನಂಬಬಾರದು, ನಂಬಿದೆ. ಅವನು ಹೋದರೆ ಈ ಭೂಮಿಯ ಮೇಲೆ ನನ್ನನ್ನು ಏಕವಚನದಲ್ಲಿ ಕರೆಯುವವರು ಯಾರೂ ಉಳಿಯುತ್ತಿರಲಿಲ್ಲ.

ಆದರೆ ಪ್ರೋಗ್ರಾಮಿಗೆ ಕರುಣೆ ಎಲ್ಲಿಂದ ಬರಬೇಕು? ನನ್ನ ಪಾಲಿನ ಹುಡುಗನೊಬ್ಬ, ನೆಡ್ ಕಾರ್ವಿನ್ ಎಂಬ ಗಣಿಗಾರನ ಮಗ, ಆ ವರ್ಷ ಎದುರಿಗೆ ಬಂದವರನ್ನೆಲ್ಲ ಮಲಗಿಸುತ್ತ ಮೇಲೇರಿದ. ನಾನೇ ಹೆಸರಿಟ್ಟು ಬೆಳೆಸಿದವನು. ಅವನು ಗೆದ್ದ ಸುದ್ದಿಯನ್ನು ಫೋನಿನಲ್ಲಿ ಹೇಳುವಾಗ ನನ್ನ ಧ್ವನಿ ಸಣ್ಣದಾಗುತ್ತಿತ್ತು. ಭಾದ್ರಪದದ ಹೊತ್ತಿಗೆ ಅವನೇ ಈರಪ್ಪನ ಎದುರಾಳಿ ಎಂಬುದು ಖಚಿತವಾಯಿತು.

ಅದಕ್ಕೂ ಮುಂಚೆ, ಶ್ರಾವಣದಲ್ಲಿ, ಈರಪ್ಪನಿಗೆ ಒಂದು ಸಾಮಾನ್ಯ ಕಾಳಗವಿತ್ತು, ಬೆಲ್ಟಿನ ಪ್ರಶ್ನೆಯಿಲ್ಲದ್ದು. ನಾನು ಎಂದಿನಂತೆ ಫೋನಿನಲ್ಲಿ ಕೂಗಿ ಕೂಗಿ ಹೇಳಿದೆ. ಈರಪ್ಪನ ಹುಬ್ಬು ಒಡೆಯಿತು, ರಕ್ತ ನಿಲ್ಲಲಿಲ್ಲ, ಬಿದ್ದ, ಎದ್ದ, ಕೊನೆಗೆ ಹೇಗೋ ಗೆದ್ದ. ನಾನು ಹೀಗೆ ಹೇಳುವಾಗಲೆಲ್ಲ ಗೋಡೆಯಾಚೆ ಮಗ್ಗದ ಸದ್ದು ನಿಲ್ಲುತ್ತಿತ್ತು. ಫೋನಿನ ಮಾತು ನನಗೆ ಸರಿಯಾಗಿ ಕೇಳಲಿ ಎಂದು ನಿಲ್ಲಿಸುತ್ತಾಳೆ, ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಕಾಶವ್ವ ರೊಟ್ಟಿ, ಹೆಸರುಕಾಳಿನ ಪಲ್ಯ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ತಟ್ಟೆಯನ್ನು ಕೊಡಲೂ ಇಲ್ಲ, ಹೋಗಲೂ ಇಲ್ಲ.

"ಸಾಹೇಬ್ರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈರಪ್ಪ ನಿಮಗ ಏನಾಗಬೇಕ್ರಿ?"

"ನಮ್ಮ ದೋಸ್ತನ ಕಡಿಯಾಂವ" ಅಂದೆ.

"ನರಗುಂದದಾಂವಲ್ರಿ?"

"ಹೌದು."

"ವಯಸ್ಸೆಷ್ಟ್ರಿ ಅವಂದು?"

"ನಲವತ್ತರ ಹತ್ರ ಬಂದಾನ."

"ಅಷ್ಟ ವಯಸ್ಸಾದ ಮನಿಷ್ಯಾನ್ನ ಇನ್ನೂ ಹೊಡದಾಡಾಕ ಬಿಡ್ತೀರಲ್ರಿ, ನಿಮಗ ಏನೂ ಅನಸೂದಿಲ್ಲೇನ್ರಿ? ಮೊನ್ನಿ ಐತ್ವಾರ ಹುಬ್ಬ ಒಡದು ರಕ್ತ ಸುರ್ಯಾಕ ಹತ್ತೇತಿ ಅಂತ ನೀವ ನಕ್ಕೋಂತ ಹೇಳತಿದ್ರಿ. ನನಗ ಕೈ ಓಡಲಿಲ್ಲ ನೋಡ್ರಿ. ಲಾಳಿ ಹಂಗ ಹಿಡ್ಕೊಂಡ ಕುಂತೆ. ಅವಗ ಹೇಂತಿ ಮಕ್ಕಳಿಲ್ಲೇನ್ರಿ? ತಾಯಿ ಇಲ್ಲೇನ್ರಿ?"

ಹೆಂಡತಿ ಮಕ್ಕಳು! ಇಷ್ಟು ವರ್ಷದಲ್ಲಿ ನನಗಾಗಲಿ ಮಾಧವನಿಗಾಗಲಿ ಈ ಪ್ರಶ್ನೆ ಹೊಳೆದಿರಲಿಲ್ಲ. ಅವನ ಉಸಿರಿಗೆ, ಗುದ್ದಿನ ಬಲಕ್ಕೆ, ಗಾಯಕ್ಕೆ ಅಂಕ ಕೊಟ್ಟಿದ್ದೆವು. ತಾಯಿ ಇದ್ದಾಳೋ ಇಲ್ಲವೋ ನೋಡಿರಲಿಲ್ಲ.

"ಯಾರೂ ಇಲ್ಲ" ಅಂದೆ.

ಒಳಗಿನಿಂದ, ಅಪರೂಪಕ್ಕೆ, ಪರಸಪ್ಪನ ಧ್ವನಿ ಬಂತು. "ಗೆಲ್ತಾನಿಲ್ರಿ ಸಾಹೇಬ್ರ? ನಮ್ಮ ಸೀಮ್ಯಾಂವಲ್ರಿ."

"ನೀವ ಸುಮ್ನಿರ್ರಿ. ಗೆದ್ದ ಏನ್ ಮಾಡೂದೈತಿ, ಜೀವ ಹೋದ ಮ್ಯಾಲ?" ಎಂದು ಅವನ ಮೇಲೆ ರೇಗಿ, ತಟ್ಟೆಯನ್ನು ನನ್ನ ಕೈಗೆ ತುರುಕಿ ಹೋದಳು.

ಅವಳಿಗೆ ಆಗಲೇ ಹೇಳಬಹುದಿತ್ತು. ಕಾಶವ್ವಾ, ಅವನು ಇಲ್ಲವೇ ಇಲ್ಲ, ಕಂಪ್ಯೂಟರಿನೊಳಗಿನ ಆಟ ಅಂತ. ಆದರೆ ನಮ್ಮಿಬ್ಬರನ್ನು ಬಿಟ್ಟು ಮೂರನೆಯವರೊಬ್ಬರು ಈರಪ್ಪನ ಹೆಸರು ಹಿಡಿದು ಮಾತಾಡಿದ್ದು ಅದೇ ಮೊದಲು. ರೊಟ್ಟಿ ತಿನ್ನುತ್ತ ಆ ಸುಖವನ್ನು ನಾನು ಕಳೆದುಕೊಳ್ಳಲು ಬಯಸಲಿಲ್ಲ. ಮುಂದೆ ದಿನಾ ಸಂಜೆ, ನಾನು ಗುಡ್ಡದಿಂದ ಇಳಿದು ಬಂದ ಕೂಡಲೇ, ಮಗ್ಗದಿಂದಲೇ ಒಂದು ಕೂಗು ಬರುತ್ತಿತ್ತು: "ಹ್ಯಾಂಗದಾನ್ರಿ?" ನಾನೂ "ಆರಾಮ ಅದಾನ" ಅನ್ನುತ್ತಿದ್ದೆ. ಆ ಊರಿನಲ್ಲಿ ನನ್ನ ಮಾತಿನ ಗಂಟಲು ಸರಿಹೋದದ್ದು ಆಗಲೇ.

ಗಣಪತಿ ಹಬ್ಬ ಮುಗಿದ ಮೇಲೆ ಒಂದು ಭಾನುವಾರ ರಜೆ ಸಿಕ್ಕಿತು. ಬೆಲ್ಟಿನ ಕಾಳಗಕ್ಕೆ ನರಗುಂದಕ್ಕೆ ಹೊರಟೆ. ಬ್ಯಾಗು ಹೆಗಲಿಗೆ ಹಾಕಿಕೊಂಡು ಪಡಸಾಲೆ ದಾಟುವಾಗ ಕಾಶವ್ವ ಮಗ್ಗದ ಕುಣಿಯಿಂದ ಮೇಲೆದ್ದು ಬಂದು, ದೇವಿಯ ಗುಡಿಯ ಬೂದಿ ಕಟ್ಟಿದ ಕಾಗದದ ಸಣ್ಣ ಪೊಟ್ಟಣ ಕೊಟ್ಟಳು.

"ಇಟಗಿ ಭೀಮವ್ವನ ಅಂಗಾರ ಐತ್ರಿ. ಹೊಡದಾಟಕ್ಕ ಇಳಿಯೂಕಿಂತ ಮುಂಚೆ ಅವನ ಹಣಿಗೆ ಹಚ್ರಿ, ಮರೀಬ್ಯಾಡ್ರಿ. ನಾ ಅವ್ವಗ ಹರಕಿ ಹೊತ್ತೀನಿ. ಈರಪ್ಪ ಜೀವಂತ ಉಳದ್ರ ನನ್ನ ಮಗ್ಗದಾಗಿನ ಸೀರಿ ಏರಸ್ತೀನಿ ಅಂತ. ಮಂಗಳವಾರ ಒಪ್ಪತ್ತೂ ಮಾಡಾಕ ಹತ್ತೀನಿ."

ಮಂಗಳವಾರ ಅವಳ ಒಲೆ ಒಂದೇ ಹೊತ್ತು ಉರಿಯುವುದನ್ನು ನಾನು ನೋಡಿದ್ದೆ. ಯಾವುದೋ ವ್ರತ ಇರಬೇಕು ಎಂದುಕೊಂಡಿದ್ದೆ. ಪೊಟ್ಟಣ ಕಿಸೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ರೋಣ ದಾಟಿದ ಮೇಲೆ ಹೊಲಗಳಲ್ಲಿ ಹೆಸರು ಕಿತ್ತಾಗಿತ್ತು, ಹಿಂಗಾರಿಗೆ ಹರಗುತ್ತಿದ್ದರು. ಬೆಣ್ಣಿಹಳ್ಳದಲ್ಲಿ ಕೆಂಪು ನೀರು ಸೇತುವೆಯ ಕೆಳಗೆ ಸದ್ದಿಲ್ಲದೆ ಹೋಗುತ್ತಿತ್ತು. ಮಾಧವ ಬಾಗಿಲಿಗೇ ಕುರ್ಚಿ ಹಾಕಿಸಿಕೊಂಡು ಕಾದಿದ್ದ. ಹಾಸ್ಟೆಲಿನ ಆ ಚಿತ್ರದ ಬಾಕ್ಸರನಿಗಿಂತ ಸಣ್ಣವನಾಗಿದ್ದ. ಕೈ ಹಿಡಿದರೆ, ಡಯಾಲಿಸಿಸ್ಸಿಗೆ ಸೂಜಿ ಚುಚ್ಚುವ ಜಾಗದಲ್ಲಿ ನರ ಗುರ್‍ರೆಂದು ನಡುಗುವುದು ನನ್ನ ಬೆರಳಿಗೆ ತಗುಲಿತು.

ಅಂಗಾರದ ಕಥೆ ಹೇಳಿದೆ. ಅವನು ನಕ್ಕ, ಕೆಮ್ಮು ಬರುವ ತನಕ ನಕ್ಕ. ಸುಧಾ ಓಡಿ ಬಂದು ಬೆನ್ನು ತಿಕ್ಕಿದಳು.

"ಅಕಿಗೆ ಹೇಳಲಿಲ್ಲೇನು?"

"ಇಲ್ಲ."

"ಒಪ್ಪತ್ತು ಮಾಡ್ತಾಳ?"

"ಪ್ರತಿ ಮಂಗಳವಾರ."

ನಗು ನಿಂತಿತು. ನಾನು ಪೊಟ್ಟಣ ಬಿಚ್ಚಿ, "ನಿನ್ನ ಹಣಿಗೆ ಹಚ್ಚತೀನಿ ತಡಿ" ಅಂದೆ. ನಿಜ ಹೇಳಬೇಕೆಂದರೆ ದಾರಿಯುದ್ದಕ್ಕೂ ನಾನು ಅದನ್ನೇ ಯೋಚಿಸಿದ್ದೆ. ಅವನು ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದ.

"ನನಗಲ್ಲಲೇ ಅದು. ಅಕಿ ಯಾರ ಹೆಸರ್ಲೆ ಕೊಟ್ಟಾಳೋ ಅವಗ ಹಚ್ಚು."

ಲ್ಯಾಪ್‌ಟಾಪಿನ ಪರದೆಯ ಮೇಲಂಚಿಗೆ ಒಂದು ಬೊಟ್ಟು ಅಂಗಾರ ಹಚ್ಚಿದೆ. ಸುಧಾ ಚಹಾ ತಂದವಳು ಇದನ್ನು ನೋಡಿ, ಇಬ್ಬರಿಗೂ ತಲೆ ಕೆಟ್ಟಿದೆ ಎಂಬಂತೆ ಲೋಟ ಇಟ್ಟು ಒಳಗೆ ಹೋದಳು.

ಕಾಳಗ ಶುರುವಾಯಿತು. ಕೀಲಿ ಒತ್ತುವವನು ನಾನು, ಓದುವವನು ಅವನು. ಮೊದಲ ಸುತ್ತುಗಳಲ್ಲಿ ಈರಪ್ಪ ಚೆನ್ನಾಗಿ ನಿಂತ. ಎಡಗೈ ಮುಂದೆ, ಹೊಡೆದು ಹಿಂದೆ ಸರಿಯುವುದು. ಕಾರ್ವಿನ್ನನ ದೊಡ್ಡ ಗುದ್ದುಗಳೆಲ್ಲ ಗಾಳಿಗೆ ಹೋದವು. ಮಾಧವನ ಮುಖಕ್ಕೆ ಬಣ್ಣ ಬಂತು. "ಹಾಂಗ! ಹಾಂಗ ಹೊಡಿ!" ಎಂದು ಕುರ್ಚಿಯ ಕೈ ಬಡಿದ. ಹತ್ತು ದಾಟಿದ ಮೇಲೆ ಹುಬ್ಬು ಒಡೆಯಿತು. ಹದಿನಾರರಲ್ಲಿ ಮೊದಲ ಸಲ ಬಿದ್ದ. ಎದ್ದ. ಪರದೆಯ ಮೇಲೆ ಅವನ ಉಸಿರಿನ ಅಂಕ ಇಳಿಯುತ್ತಿತ್ತು. ನಾನು ನನ್ನ ಹುಡುಗನನ್ನೇ ಮನಸ್ಸಿನಲ್ಲಿ ಬೈಯತೊಡಗಿದೆ, ಸಾಕು ಮಾಡೋ, ಕೈ ನೋವು ಬರಲಿ ನಿನಗೆ ಅಂತ. ಇಪ್ಪತ್ತರ ಆಚೆ ಈರಪ್ಪ ಮತ್ತೆ ಬಿದ್ದ, ಮತ್ತೆ ಎದ್ದ. ಅದರ ಮುಂದಿನ ಸುತ್ತಿನಲ್ಲಿ ಒಂದು ಗುದ್ದು ಎಸೆದು ಕಾರ್ವಿನ್ನನನ್ನೇ ಮಂಡಿಯೂರಿಸಿದ. ಇನ್ನೂ ಗೆಲ್ಲಬಹುದಿತ್ತು. ಈ ಮಾತನ್ನು ನಾನು ಇವತ್ತಿಗೂ ಹೇಳುತ್ತೇನೆ, ಗೆಲ್ಲಬಹುದಿತ್ತು.

ಆ ಕಾಲದಲ್ಲಿ, ತಮ್ಮವನು ಇನ್ನು ತಾಳಲಾರ ಎಂದು ಕಂಡರೆ, ಮೂಲೆಯಲ್ಲಿ ನಿಂತವರು ಮುಖ ಒರೆಸುವ ಸ್ಪಂಜನ್ನು ರಿಂಗಿನೊಳಗೆ ಎಸೆಯುತ್ತಿದ್ದರು. ಅಲ್ಲಿಗೆ ಕಾಳಗ ಮುಗಿಯಿತು, ಸೋಲು ಒಪ್ಪಿದ ಹಾಗೆ. ಪ್ರೋಗ್ರಾಮಿನಲ್ಲಿ ಅದಕ್ಕೊಂದು ಕೀಲಿ ಇತ್ತು. ನಾನು ಎಷ್ಟೋ ಸಲ ಒತ್ತಿದ್ದೇನೆ. ಮಾಧವ ಜನ್ಮದಲ್ಲಿ ಒತ್ತಿದವನಲ್ಲ. ನನ್ನ ಹುಡುಗರು ಎಂದೂ ಹಂಗ ಹೋಗೂದಿಲ್ಲ ಎಂದು ಜಂಬ ಕೊಚ್ಚುತ್ತಿದ್ದ.

ಅವನು ಕೈ ಚಾಚಿ ಆ ಕೀಲಿ ಒತ್ತಿದ.

ಪರದೆಯ ಮೇಲೆ ಹೊಸ ಚಾಂಪಿಯನ್ ಎಂದು ನೆಡ್ ಕಾರ್ವಿನ್ನನ ಹೆಸರು ಬಂತು. ನನ್ನ ಹುಡುಗ. ನಾನು ಸಿಟ್ಟಿನಿಂದ ಎದ್ದು ನಿಂತೆ.

"ಯಾಕ ಒತ್ತಿದ್ಯೋ? ಇನ್ನೂ ಆಗ್ತಿತ್ತಲ್ಲೋ ಅವನ ಕೈಲೆ!"

"ಆಗ್ತಿತ್ತು."

"ಮತ್ತ?"

"ಸತ್ತಿದ್ರ? ಕಾಶವ್ವಗ ಏನ್ ಹೇಳ್ತಿದ್ದಿ?"

ಅವಳನ್ನು ಅವನು ನೋಡಿದವನೂ ಅಲ್ಲ. ಅವನೇ ಮುಂದುವರಿಸಿದ, "ನಿವೃತ್ತಿ ಹಾಕು ಅವಗ. ಊರು ಅನ್ನೋ ಕಡೆ ನರಗುಂದ ಅಂತ ಬರಿ. ಭಾಳ ದಿನ ಆತು, ಇನ್ನರ ಮನಿಗೆ ಬರ್ಲಿ."

ಹಾಗೇ ಬರೆದೆ.

ತಿರುಗಿ ಬಂದಾಗ ಹೊತ್ತು ಮುಳುಗುತ್ತಿತ್ತು. ಕಾಶವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಪರಸಪ್ಪನೂ ಮಗ್ಗ ಬಿಟ್ಟು ಬಂದು ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದ.

"ಜೀವಂತ ಅದಾನಿಲ್ರಿ?"

"ಅದಾನ. ಆದ್ರ ಸೋತ, ಕಾಶವ್ವಾ. ಬೆಲ್ಟ ಹೋತು."

"ಹೋಗ್ಲಿ ಬಿಡ್ರಿ ಸುಡುಗಾಡ ಬೆಲ್ಟ!" ಎಂದು ಅವಳು ಅಲ್ಲಿಂದಲೇ ಇಟಗಿಯ ದಿಕ್ಕಿಗೆ ಕೈ ಮುಗಿದಳು. ಪರಸಪ್ಪ ಮಾತ್ರ ಸೋತದ್ದಕ್ಕೆ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದ. ಆ ಮನೆಯಲ್ಲಿ ನನ್ನ ದುಃಖ ತಿಳಿದವನು ಅವನೊಬ್ಬನೇ.

ಮರುವಾರದಿಂದ ಮಾಧವ ಹುಬ್ಬಳ್ಳಿಗೆ ಹೋಗುವುದನ್ನು ಬಿಟ್ಟ. ಹೃದಯ ತಾಳುತ್ತಿಲ್ಲ ಎಂದು ಡಾಕ್ಟರೂ ಹೇಳಿದ್ದರಂತೆ. ಆದರೂ ಬಿಟ್ಟದ್ದು ಅವನೇ. ಸುಧಾ ಫೋನಿನಲ್ಲಿ ಅತ್ತಳು. ನಾನು ಅವನಿಗೆ ಫೋನು ಹಚ್ಚಿ ಬಾಯಿಗೆ ಬಂದದ್ದು ಬೈದೆ.

"ನೀನೂ ಸ್ಪಂಜ ಒಗೀತೀಯೇನಲೇ?"

"ನಾ ಏನ್ ಚಾಂಪಿಯನ್ ಇದ್ದೆನೇನೋ, ಗೋವ್ಯಾ?" ಅಂದ. ನಕ್ಕ. ಆಮೇಲೆ ಕಾಶವ್ವನ ಸೀರೆ ಎಲ್ಲಿಗೆ ಬಂತು ಎಂದು ಕೇಳಿದ. ಒಡಲು ಮುಗಿದು ಸೆರಗಿಗೆ ಬಂದಿದೆ ಎಂದೆ. ಅದೇ ನಮ್ಮ ಕೊನೆಯ ಮಾತು. ಮಾತಾಡುವಾಗ ಅದು ಕೊನೆಯದೆಂದು ಗೊತ್ತಿದ್ದರೆ ಸೀರೆಯ ಮಾತನ್ನೇ ಆಡುತ್ತಿದ್ದೆನೋ ಏನೋ.

ಮಹಾನವಮಿಯ ಹೊತ್ತಿಗೆ ಮೇಲಿನ ಸೀಮೆಯಲ್ಲಿ ಮಳೆ ಹಿಡಿಯಿತು. ಹೊಳೆಮಣ್ಣೂರ ಕಡೆ ಮಲಪ್ರಭೆಯ ನೀರು ಹೊಲಕ್ಕೆ ನುಗ್ಗಿತು, ಬೆಣ್ಣಿಹಳ್ಳ ಸೇತುವೆಯ ಮೇಲೆ ಹರಿಯಿತು. ಸುಧಾಳ ಫೋನು ಬಂದಾಗ ನಾನು ರೋಣದವರೆಗೆ ಹೋದೆ. ಮುಂದೆ ಬಸ್ಸು ಬಿಡಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕುಳಿತೆ. ಜನ ಹೊಸ ಬಟ್ಟೆ ಹಾಕಿಕೊಂಡು ಬನ್ನಿ ಕೊಟ್ಟು ತಗೊಂಡು ಮಾಡುತ್ತಿದ್ದರು. ಗುರುತಿಲ್ಲದ ಮುದುಕನೊಬ್ಬ ನನ್ನ ಕೈಗೂ ಬನ್ನಿ ಎಲೆ ಇಟ್ಟು, "ಬಂಗಾರ ತಗೊಂಡ ಬಂಗಾರದಂಗ ಇರೂಣ್ರಿ" ಅಂದ. ನಾನೂ ಅಂದೆ. ನೀರು ಇಳಿದು ನಾನು ನರಗುಂದ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ಕುರ್ಚಿ ಹಾಗೇ ಇತ್ತು.

ಗಜೇಂದ್ರಗಡಕ್ಕೆ ಬಂದು ಲ್ಯಾಪ್‌ಟಾಪು ತೆರೆದೆ. ಮುಂದಿನ ಹಂಗಾಮು ಶುರು ಮಾಡಲೇ ಎಂದು ಅದು ಕೇಳಿತು. ಶುರು ಮಾಡಿದರೆ ಎಲ್ಲರಿಗೂ ವಯಸ್ಸು ಏರುತ್ತದೆ, ನಿವೃತ್ತರಾದವರೂ ಒಬ್ಬೊಬ್ಬರಾಗಿ ಸಾಯುತ್ತಾರೆ. ಅದನ್ನೂ ಮಾಧವ ಬರೆದಿಟ್ಟಿದ್ದ. ಮುಚ್ಚಿಟ್ಟೆ. ಆ ಲೋಕದಲ್ಲಿ ನಾನೊಬ್ಬನೇ ಉಳಿದಿದ್ದೆ, ಒಬ್ಬನೇ ಇರುವ ಲೋಕದಲ್ಲಿ ಯಾರ ಸೋಲನ್ನು ಯಾರಿಗೆ ಹೇಳುವುದು? ಭಾನುವಾರ ಮಧ್ಯಾಹ್ನ ಬಂತು. ಗೋಡೆಯಾಚೆ ಮಗ್ಗದ ಸದ್ದು ನಿಲ್ಲದೆ ನಡೆಯಿತು.

ನಾನು ಊಟ ಬಿಟ್ಟದ್ದನ್ನು ಕಂಡು ಕಾಶವ್ವ ಒಂದು ಸಂಜೆ ಬಂದು ಎದುರಿಗೆ ಕುಳಿತಳು. "ಈರಪ್ಪಗೇನರ ಆತೇನ್ರಿ?" ಅಂದಳು. ಅವಳ ಮುಖ ಬಿಳಿಚಿತ್ತು. ನನಗೆ ತಾಳಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಈರಪ್ಪ ಇಲ್ಲ, ಇದ್ದವನು ಮಾಧವ, ಅವನು ಹೋದ, ಈರಪ್ಪ ಅವನು ಕಟ್ಟಿದ ಆಟ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಸಿಟ್ಟಿಗೆದ್ದಳು.

"ಇಲ್ಲದ ಮನಿಷ್ಯಾಗ ನಾ ಇಷ್ಟ ದಿನ ಉಪಾಸ ಇದ್ನೇನ್ರಿ? ದಿನಾ ಸಂಜೀಕ ಆರಾಮ ಅದಾನ ಅಂತಿದ್ರಲ್ರಿ? ನಿಮ್ಮ ದೋಸ್ತ ಸಾಯಾಕ ಹತ್ತಿದ್ದ ನನಗ ಒಂದ ಮಾತ ಹೇಳಿದ್ರ ಆಗ್ತಿದ್ದಿಲ್ಲೇನ್ರಿ? ಅವನ ಹೆಸರ್ಲೆ ಹೊರತಿದ್ನೆಲ್ರಿ ಹರಕಿ!"

ಆ ಕೊನೆಯ ಮಾತು ನನ್ನನ್ನು ಕೊಚ್ಚಿ ಹಾಕಿತು. ಅವಳು ಎದ್ದು ಹೋದಳು. ಒಂದಷ್ಟು ದಿನ ಸಂಜೆಯ ಕೂಗೂ ಇಲ್ಲ, ರೊಟ್ಟಿಯೂ ಇಲ್ಲ. ಪರಸಪ್ಪ ಒಮ್ಮೆ ಕದ್ದು ಬಂದು ನಾಲ್ಕು ರೊಟ್ಟಿ ಇಟ್ಟು, "ಖರೇನ ಇಲ್ಲೇನ್ರಿ ಅವ?" ಎಂದು ಕೇಳಿ, ತಲೆ ಅಲ್ಲಾಡಿಸಿ ಹೋದ.

ಗಾಳಿ ಇಳಿಯಿತು. ಗುಡ್ಡದ ಮೇಲೆ ಫ್ಯಾನುಗಳು ಒಂದೊಂದಾಗಿ ನಿಲ್ಲುತ್ತಿದ್ದವು. ದೀಪಾವಳಿಗೆ ಮುಂಚಿನ ಒಂದು ಮಂಗಳವಾರ ಬೆಳಿಗ್ಗೆ ಕಾಶವ್ವ ಸ್ನಾನ ಮಾಡಿ, ಬುಟ್ಟಿ ಹಿಡಿದುಕೊಂಡು, ಬಾಗಿಲಲ್ಲಿ ನಿಂತು ಅಂದಳು: "ನಡೀರಿ, ಇಟಗೀಗೆ ಹೋಗೂಣು. ಸೀರಿ ಮುಗದೈತಿ. ಅವ್ವನ ಹೆಸರ್ಲೆ ನೇದದ್ದನ್ನ ನಾ ಪ್ಯಾಟಿಗೆ ಹಾಕೂದಿಲ್ಲ."

ಗುಡಿಯಲ್ಲಿ ಅಂದು ಅಷ್ಟೇನೂ ಜನ ಇರಲಿಲ್ಲ. ಅವಳು ಸೀರೆಯ ಮಡಿಕೆ ಬಿಚ್ಚಿ, ಕಾಯಿ, ಎಲೆ, ಅಡಿಕೆ ಇಟ್ಟು ಮುಂದೆ ಸರಿಸಿದಳು. ಪೂಜಾರಿ ನೀರು ಮುಟ್ಟಿ ಕೇಳಿದರು, "ಯಾರ ಹೆಸರ್ಲೇರಿ?"

ಕಾಶವ್ವ ನನ್ನ ಕಡೆ ನೋಡಿದಳು.

ಮಾಧವ ಎಂಬ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಈ ಪೂಜೆ ಉಳಿದುಕೊಂಡವರಿಗೆ ಮಾಡುವಂಥದ್ದು. ಹೋದವರ ಹೆಸರು ಅಲ್ಲಿ ಹೇಳುವಂತಿಲ್ಲ.

"ಈರಪ್ಪ" ಅಂದೆ.

"ಊರ್ರಿ?"

"ನರಗುಂದ."

"ಈಗ ಆರಾಮ ಅದಾರಿಲ್ರಿ?"

"ಆರಾಮ ಅದಾನ್ರಿ" ಅಂದೆ. "ಮನ್ಯಾಗ ಅದಾನ." ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಮಾಧವ ಹೋದಾಗಲೂ ಬಾರದಿದ್ದ ಅಳು. ಪೂಜಾರಿ ಗಾಬರಿಯಿಂದ ಕಾಶವ್ವನನ್ನು ನೋಡಿದರು.

"ಅಣತಮ್ಮಂದ್ರಿದ್ದಂಗ್ರಿ ಇವ್ರು" ಎಂದು ಅವಳು ನನ್ನ ಪರವಾಗಿ ಹೇಳಿದಳು. "ಭಾಳ ದೊಡ್ಡ ಗಂಡಾಂತರ ಇತ್ರಿ ಈರಪ್ಪಗ. ಅವ್ವ ಉಳಿಸಿ ಕೊಟ್ಟಾಳ."